ಮೂವತ್ತೆರಡು ಪಟ್ಟು ಹೊಟ್ಟೆಕಿಚ್ಚು

ನಾನು ನಿಮ್ಮಷ್ಟೇ ಚಿಕ್ಕವನಿದ್ದಾಗ, ನನ್ನಷ್ಟು ಹೊಟ್ಟೆಕಿಚ್ಚಿನ ಹುಡುಗ ಇಡೀ ಫತೇಗಂಜ್ ಬಡಾವಣೆಯಲ್ಲಿ ಇರಲಿಲ್ಲ. ಅಪ್ಪನಿಗೆ ರೈಲ್ವೆಯಲ್ಲಿ ನಕ್ಷೆ ಬರೆಯುವ ಕೆಲಸ. ಧಾರವಾಡದಿಂದ ವಡೋದರಾಕ್ಕೆ ಬಂದು ಒಂದು ಮನೆಯ ಮಹಡಿಯಲ್ಲಿದ್ದೆವು. ಕೆಳಗಿನ ಮನೆಯ ಗುಜರಾತಿ ಹುಡುಗ ನನ್ನ ಓರಗೆಯವನು. ಅವನ ಸೋದರಮಾವ ಇಂಗ್ಲೆಂಡಿನಿಂದ ಅವನಿಗೊಂದು ಸ್ಲಾಟ್ ಕಾರ್ ಸೆಟ್ ತಂದುಕೊಟ್ಟಿದ್ದೇ ತಡ, ನನಗೆ ನಿದ್ದೆ ಹತ್ತದಾಯಿತು.

ಕಪ್ಪು ರಸ್ತೆಯ ತುಂಡುಗಳನ್ನು ಜೋಡಿಸಿದರೆ ಎಂಟರ ಆಕಾರ. ರಸ್ತೆಯಲ್ಲಿ ಎರಡು ಸೀಳುಗಳು. ಕಾರಿನ ಅಡಿಯಲ್ಲಿದ್ದ ಮೊಳೆ ಆ ಸೀಳಿನಲ್ಲಿ ಕೂತರೆ, ಪಕ್ಕದ ಲೋಹದ ಪಟ್ಟಿಯಿಂದ ಕರೆಂಟು ಹರಿದು ಕಾರು ಓಡುತ್ತಿತ್ತು. ಒಂದು ಕೆಂಪು, ಒಂದು ಹಸಿರು. ಕೈಯಲ್ಲಿದ್ದ ಗುಂಡಿಯನ್ನು ಜೋರಾಗಿ ಒತ್ತಿದರೆ ತಿರುವಿನಲ್ಲಿ ಕಾರು ಹಾರಿ ಮಂಚದಡಿ ಸೇರುತ್ತಿತ್ತು. ಬಿಸಿಯಾದ ಮೋಟಾರಿನ ಎಣ್ಣೆ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ.

ಅದನ್ನು ಮುಟ್ಟಬೇಕಾದರೆ ಮೊದಲು ಅವನ ಪುರಾಣ ಕೇಳಬೇಕಿತ್ತು. ಇದನ್ನು ಮಾಡಿದ ಕಂಪನಿ ಮೊದಲು ಕೀಲಿ ಕೊಟ್ಟು ಓಡಿಸುವ ತಗಡಿನ ಕಾರು ಮಾಡುತ್ತಿತ್ತಂತೆ. ಕೀಲಿ ಕಾರು ಜನರಿಗೆ ಬೇಸರವಾದಾಗ ಅದರ ಹೊಟ್ಟೆಗೆ ಮೋಟಾರು ತುಂಬಿ, ರಸ್ತೆಗೆ ಸೀಳು ಹಾಕಿದರಂತೆ. ಅಮೆರಿಕದ ಕಂಪನಿಗಳು ಇಪ್ಪತ್ತನಾಲ್ಕರಲ್ಲಿ ಒಂದು ಪಾಲಿನ ದೊಡ್ಡ ಕಾರನ್ನೂ, ಬೆಂಕಿಪೊಟ್ಟಣದಷ್ಟು ಪುಟ್ಟ ಕಾರನ್ನೂ ಮಾಡುತ್ತವಂತೆ. ಅವನದು ಮಾತ್ರ ನಿಜವಾದ ಕಾರಿನ ಮೂವತ್ತೆರಡರಲ್ಲಿ ಒಂದು ಪಾಲು, ಅದೇ ಸರಿಯಾದ ಅಳತೆಯಂತೆ. ನಾನು ಹಲ್ಲು ಕಚ್ಚಿಕೊಂಡು ಹೂಂಗುಟ್ಟುತ್ತಿದ್ದೆ.

ಒಂದು ಭಾನುವಾರ ನನ್ನನ್ನು ಊಟಕ್ಕೆ ಕರೆಯಲು ಬಂದ ಅಪ್ಪ ಅಲ್ಲೇ ಕೂತುಬಿಟ್ಟರು. ಮನೆಯಲ್ಲಿ ಸದಾ ಪೇಪರಿನ ಹಿಂದೆ ಇರುತ್ತಿದ್ದ ಅಪ್ಪ, ಇಲ್ಲಿ ನೆಲದ ಮೇಲೆ ಬೋರಲು ಮಲಗಿ ಹಸಿರು ಕಾರು ಓಡಿಸುತ್ತಾ ಗಹಗಹಿಸಿ ನಗುತ್ತಿದ್ದರು. ನನ್ನೊಂದಿಗಾಗಲಿ ಅಕ್ಕನೊಂದಿಗಾಗಲಿ ಒಂದು ದಿನವೂ ಹಾಗೆ ಆಡಿದವರಲ್ಲ. "ಕಾಕಾ, ತಮೇ ತೋ ಜಬರಾ!" ಎಂದು ಹೊಗಳಿ ಆ ಹುಡುಗ ಚಪ್ಪಾಳೆ ತಟ್ಟಿದ. ನನಗೆ ಮೈಯೆಲ್ಲ ಉರಿಯಿತು. ಕಾರು ಬೇಕಾದರೆ ಅವನೇ ಇಟ್ಟುಕೊಳ್ಳಲಿ, ಅಪ್ಪ ನನ್ನವರಲ್ಲವೇ? ಮಹಡಿ ಹತ್ತಿ ಮೂಲೆ ಹಿಡಿದೆ. ಅಕ್ಕ ಎಷ್ಟು ಕರೆದರೂ ಊಟಕ್ಕೆ ಏಳಲಿಲ್ಲ. ಕಡೆಗೆ ಅವಳೇ ನನ್ನ ಬಾಯಿ ಬಿಡಿಸಿ ಅಪ್ಪನಿಗೆ ಹೇಳಿದಳು.

ಬಿಸಿಲು ಇಳಿದ ಮೇಲೆ ಅಪ್ಪ ಆ ಹುಡುಗನನ್ನು ಕೇಳಿ ಕೆಂಪು ಕಾರು ತಂದರು. ಅಳತೆಪಟ್ಟಿ, ಸೀಮೆಸುಣ್ಣ ಹಿಡಿದು ನನ್ನನ್ನೂ ಅಕ್ಕನನ್ನೂ ಮೇಲಿನ ತೆರೆದ ಮಾಳಿಗೆಗೆ ಕರೆದೊಯ್ದರು.

"ಇಲ್ಲಿಂದ ಇಲ್ಲಿಗೆ ಎಷ್ಟದ ನೋಡು. ಅದನ್ನ ಮೂವತ್ತೆರಡರಿಂದ ಗುಣಸು," ಎಂದರು.

ಅಕ್ಕ ಗುಣಿಸಿದಳು, ನಾನು ದಾರ ಹಿಡಿದೆ, ಅಪ್ಪ ಮೊಣಕಾಲೂರಿ ಗೆರೆ ಎಳೆದರು. ಇನ್ನೂ ಬಿಸಿ ಆರದ ನೆಲದ ಮೇಲೆ ನಿಜವಾದ ಕಾರಿನಷ್ಟೇ ದೊಡ್ಡ ರೇಸ್ ಕಾರು ಮೂಡಿತು. ಅವ್ವನ ಜರಡಿಯೇ ಸ್ಟಿಯರಿಂಗ್. ರೇಸ್ ಕಾರಿಗೆ ಇರುವುದು ಒಂದೇ ಸೀಟು, ಅದರಲ್ಲಿ ನಾನು ಕೂತೆ.

ತನ್ನ ಕಾರು ವಾಪಸು ಕೇಳಲು ಮೇಲೆ ಬಂದ ಹುಡುಗ ನಿಂತಲ್ಲೇ ನಿಂತ. "ಮಾರಿ ಗಾಡಿ ಆವಡಿ ಮೋಟಿ?" ನನ್ನ ಗಾಡಿ ಇಷ್ಟು ದೊಡ್ಡದಾ ಎಂದು ಕೇಳಿದ. ನಾನು ಜರಡಿ ತಿರುಗಿಸುತ್ತಾ ಅವನತ್ತ ನೋಡಲೇ ಇಲ್ಲ. ಆಗ ಅವನು ಸಣ್ಣ ದನಿಯಲ್ಲಿ ಅಕ್ಕನಿಗೆ ಹೇಳಿದ್ದು ನನಗೂ ಕೇಳಿಸಿತು. ಅವನ ಅಪ್ಪನಿಗೆ ಸೂರತ್ತಿನ ಮಿಲ್ಲಿನಲ್ಲಿ ಕೆಲಸವಂತೆ. ಮನೆಗೆ ಬಂದರೂ ಬರೀ ನಿದ್ದೆಯಂತೆ. ಇವತ್ತಿನವರೆಗೂ ಅವನ ಜೊತೆ ಒಮ್ಮೆಯೂ ಕಾರು ಓಡಿಸಿಲ್ಲವಂತೆ. ಅಯ್ಯೋ, ನಾನು ಇಷ್ಟು ದಿನ ಹೊಟ್ಟೆ ಉರಿದುಕೊಂಡದ್ದು ಇವನನ್ನು ನೋಡಿಯೇ ಅನ್ನಿಸಿತು.

ಅಪ್ಪ ಪಕ್ಕದಲ್ಲೇ ಇನ್ನೊಂದು ಕಾರು ಬರೆದರು. ಅವನು ಊಟದ ತಟ್ಟೆ ಹಿಡಿದು ಅದರಲ್ಲಿ ಕೂತ. ಕತ್ತಲಾಗುವವರೆಗೂ ಬುರ್ರ್ ಎನ್ನುತ್ತಾ ಓಡಿಸಿದೆವು. ಅವನ ಕಾರಿನ ಮೂತಿ ನನ್ನದಕ್ಕಿಂತ ಒಂದು ಗೇಣು ಉದ್ದವಿದೆ ಎಂದು ಆಮೇಲೆ ಜಗಳ ತೆಗೆದೆ ಅನ್ನಿ. ಹುಟ್ಟುಗುಣ ಎಲ್ಲಿ ಹೋಗುತ್ತದೆ!

ನಿಮ್ಮ ಓಟ ಈಗ ಫೋನಿನೊಳಗೆ. ಕಾರುಗಳು ಥಳಥಳ, ರಸ್ತೆಗಳು ದೇಶ ದೇಶದವು, ಹಾರಿಬಿದ್ದ ಕಾರಿಗಾಗಿ ಮಂಚದಡಿ ತೆವಳಬೇಕಾಗಿಯೂ ಇಲ್ಲ. ಎದುರಾಳಿ ಯಾರೆಂದು ಕೇಳಿದರೆ, "ಗೊತ್ತಿಲ್ಲ ಅಜ್ಜಾ, ಯಾರೋ ಒಬ್ಬ," ಎನ್ನುತ್ತೀರಿ. ನಾನು ಪಕ್ಕದಲ್ಲೇ ಕೂತಿರುತ್ತೇನೆ, ಎರಡೂ ಕೈ ಖಾಲಿ ಇಟ್ಟುಕೊಂಡು. ಆ ಯಾರೋ ಒಬ್ಬನ ಮೇಲೆ ನನಗೆ ಎಷ್ಟು ಹೊಟ್ಟೆಕಿಚ್ಚು ಗೊತ್ತೇ? ಮೂವತ್ತೆರಡು ಪಟ್ಟು.