ಗಾಣ ನೋಡಲು ಹೋದದ್ದು

ನಮ್ಮ ತುಮಕೂರು ಕಡೆಯವರಿಗೆ ಸಮುದ್ರವಿಲ್ಲ. ಆ ಕೊರತೆ ನೀಗಿಸಲು ಕುಣಿಗಲ್ ಕೆರೆಯಿದೆ. ಕುಣಿಗಲ್ಲಿಗೆ ಮದುವೆಯಾಗಿ ಹೋಗಿದ್ದ ಅಪ್ಪನ ತಂಗಿಯನ್ನು ನಾವು ಫುಪ್ಪು ಎನ್ನುತ್ತಿದ್ದೆವು. ಅವರು ಅದನ್ನು ಕೆರೆ ಎಂದು ಕರೆದದ್ದೇ ಇಲ್ಲ. ಅವರ ಬಾಯಲ್ಲಿ ಅದು ‘ದರಿಯಾ’, ಅಂದರೆ ಸಮುದ್ರ. ಏರಿಯ ಮೇಲೆ ನಿಂತರೆ ಆಚೆ ದಡ ಕಾಣುವುದಿಲ್ಲ ಎಂದು ಬಡಾಯಿ ಕೊಚ್ಚುತ್ತಿದ್ದರು. ಕಾಣುತ್ತಿತ್ತು. ಆದರೂ ಸಂಜೆ ಹೊತ್ತು ಏರಿಯ ಮೇಲೆ ಗಾಳಿ ಬೀಸುವಾಗ, ಕೆಳಗೆ ತೆಂಗಿನ ಗರಿಗಳು ಸದ್ದು ಮಾಡುವಾಗ, ನೀರು ಬಿಡುವ ತೂಬಿನ ಬಳಿ ನಾಲ್ಕು ಜನ ಮೀನು ಹಿಡಿಯುತ್ತಾ ಕೂತಿರುವಾಗ, ಸಮುದ್ರ ನೋಡದವರಿಗೆ ಅಷ್ಟು ಸಾಕಿತ್ತು. ಬೇಸಿಗೆ ರಜೆಯಲ್ಲಿ ನಾವು ಗಾಳಿ ಕುಡಿಯಲು ಹೋಗುತ್ತಿದ್ದದ್ದೇ ಅಲ್ಲಿಗೆ.

ಎಪ್ಪತ್ತರ ದಶಕದ ನಡುವೆ ಒಮ್ಮೆ ಹೋದದ್ದು ಮಾತ್ರ ಗಾಳಿಗಲ್ಲ, ಗಾಣಕ್ಕೆ.

ಅಪ್ಪನಿಗೆ ತುಮಕೂರಿನ ಮಂಡಿಪೇಟೆಯಲ್ಲಿ ಎಣ್ಣೆ ಅಂಗಡಿ. ಕಡಲೆಕಾಯಿ ಎಣ್ಣೆ, ಹುಚ್ಚೆಳ್ಳೆಣ್ಣೆ, ಕೊಬ್ಬರಿ ಎಣ್ಣೆ, ಹರಳೆಣ್ಣೆ. ಜೀವಮಾನವಿಡೀ ಬೇರೆಯವರ ಗಾಣದ ಎಣ್ಣೆ ಮಾರಿದ ಮನುಷ್ಯ. ಗಾಣದವರು ಕೊಟ್ಟಾಗ ತೆಗೆದುಕೊಳ್ಳಬೇಕು, ಕೊಟ್ಟದ್ದನ್ನು ತೆಗೆದುಕೊಳ್ಳಬೇಕು, ಗಸಿ ಇದ್ದರೂ ತುಟಿ ಎರಡು ಮಾಡಬಾರದು. ನಮ್ಮದೇ ಅಂತ ಒಂದು ಗಾಣ ಇದ್ದಿದ್ದರೆ ಎಂಬ ಮಾತು ದಿನಕ್ಕೊಮ್ಮೆ ಬಾರದಿದ್ದರೆ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ.

ನನಗೆ ಆಗ ಇಪ್ಪತ್ತೊಂದು ತುಂಬಿತ್ತು. ಮನೆಯಲ್ಲಿ ನನ್ನ ಮದುವೆಯ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ಆ ಹೊತ್ತಿಗೆ ಹುಲಿಯೂರುದುರ್ಗದ ಕಡೆಯ ರೈತರೊಬ್ಬರು, ವರ್ಷಕ್ಕೆರಡು ಸಲ ಮಂಡಿಗೆ ಹುಚ್ಚೆಳ್ಳು ತರುತ್ತಿದ್ದವರು, ಅಂಗಡಿಯ ಜಗಲಿಯ ಮೇಲೆ ಕೂತು ಒಂದು ಸಂಬಂಧ ಹೇಳಿದರು.

“ಕುಣಿಗಲ್‌ನಾಗೆ ಒಬ್ಬ ಹುಡ್ಗ ಅವ್ನೆ ಸಾಬ್ರೇ, ನಿಮ್ಮೋರೇಯ. ಬೀಡಿ ಇಲ್ಲ, ಹೆಂಡ ಇಲ್ಲ. ಸ್ವಂತ ಅಂಗ್ಡಿ ಐತೆ. ಕೆರೆತಾವ ಗಾಣ ಹಾಕವ್ನೆ. ಗಾಣ ಹಾಕ್ಕಂಡು ಕುಂತ್ಬುಟ್ರೆ ಮುಗೀತು, ಅವ್ನ್ ಪಾಡಿಗೆ ಅವ್ನು.”

ಅಪ್ಪನ ಕಿವಿಗೆ ಬಿದ್ದದ್ದು ಎರಡೇ ಮಾತು. ಗಾಣ, ಅಂಗಡಿ. ಉಳಿದದ್ದನ್ನು ಅವರೇ ತುಂಬಿಸಿಕೊಂಡರು. ಕೆರೆಯ ಹತ್ತಿರ ಅಂದರೆ ಎತ್ತುಗಳಿಗೆ ನೀರು ಸಲೀಸು. ಕೂತರೆ ಏಳುವುದಿಲ್ಲ ಅಂದರೆ ದುಡಿಮೆಗಾರ. ಅಂದೇ ಫುಪ್ಪುಗೆ ಉರ್ದುವಿನಲ್ಲಿ ಕಾಗದ ಬರೆದು, ಹುಡುಗ ಹೇಗೆ ಎಂದು ಕೇಳಿದರು. ಆ ಬೀದಿಯಲ್ಲಿ ಎಲ್ಲರೂ ಅವನನ್ನು ಗಾಣದವನು ಎಂದೇ ಕರೆಯುತ್ತಿದ್ದರಿಂದ ಫುಪ್ಪುವೂ ‘ಗಾಣೆವಾಲಾ ಒಳ್ಳೆಯವನು, ಬಂದು ನೋಡಿ’ ಎಂದು ಉತ್ತರ ಬರೆದರು. ನಮ್ಮ ಉರ್ದು ಲಿಪಿಯಲ್ಲಿ ಣಕಾರವಿಲ್ಲ. ಅಮ್ಮ ಅದನ್ನು ‘ಗಾನೆವಾಲಾ’ ಎಂದು ಓದಿಕೊಂಡು, ಹಾಡುವವನಿಗೆ ಮಗಳನ್ನು ಕೊಡುವುದೇ ಎಂದು ಗಾಬರಿಯಾದರು. ಅಪ್ಪ ಹೊಟ್ಟೆ ಹುಣ್ಣಾಗುವಂತೆ ನಕ್ಕರು. “ಹಾಡೋನಲ್ಲ ಕಣೇ, ಎಣ್ಣೆ ತೆಗೆಯೋನು” ಎಂದರು. ಮಾರನೆಯ ದಿನ ಮಂಡಿಪೇಟೆಯಲ್ಲಿ ಹತ್ತು ಜನರಿಗೆ, ಬೇಡ ಇಪ್ಪತ್ತು ಜನರಿಗೆ, ಗಾಣದ ಅಳಿಯ ಸಿಗುತ್ತಿದ್ದಾನೆ ಎಂದು ಹೇಳಿಯೂ ಬಿಟ್ಟರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ಅಪ್ಪನನ್ನು ಮೀರಿಸಿದವರಿಲ್ಲ.

ಒಂದು ಗುರುವಾರ ಮಧ್ಯಾಹ್ನ ಅಪ್ಪ, ಅಮ್ಮ, ನಾನು ಬಸ್ಸಿನಲ್ಲಿ ಕುಣಿಗಲ್ಲಿಗೆ ಹೋಗಿ ಇಳಿದೆವು. ಶುಕ್ರವಾರ ಅಪ್ಪ ಗಾಣ ನೋಡುವುದು, ಸಂಜೆ ಹುಡುಗನ ಮನೆಯ ಹೆಂಗಸರು ಬಂದು ನನ್ನನ್ನು ನೋಡುವುದು ಎಂದು ಏರ್ಪಾಡು. ಚಹಾ ಕುಡಿದಾದ ಮೇಲೆ ಫುಪ್ಪು ನನ್ನೊಬ್ಬಳನ್ನೇ ಏರಿಯ ಮೇಲೆ ಕರೆದುಕೊಂಡು ಹೋದರು. ಅದು ಅವರ ಕಿತಾಪತಿ ಎಂದು ಆಮೇಲೆ ತಿಳಿಯಿತು. ತೂಬಿನ ಹತ್ತಿರ ಬಂದಾಗ ಮೊಣಕೈಯಿಂದ ತಿವಿದು, “ಆ ಕೊನೇಲಿ ಕೂತಿದಾನಲ್ಲ, ಅವನೇ” ಎಂದರು.

ಮೂರ್ನಾಲ್ಕು ಜನ ಕಲ್ಲಿನ ಮೇಲೆ ಕೂತು ಬಿದಿರು ಕಡ್ಡಿ ಹಿಡಿದಿದ್ದರು. ಕೊನೆಯವನ ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು. ಅಂಗಡಿ ಮುಚ್ಚಿ ಬರುವ ಆತುರದಲ್ಲಿ ತೆಗೆದಿಡಲು ಮರೆತಿರಬೇಕು. ಎಣ್ಣೆ ತೆಗೆಯುವವನಿಗೆ ಅಳತೆಯ ಟೇಪು ಯಾಕೆ ಎಂದು ನಾನು ಯೋಚಿಸುತ್ತಿರುವಾಗಲೇ ಏರಿಯ ಮೇಲೆ ಹೋಗುತ್ತಿದ್ದ ಯಾರೋ ಅವನನ್ನು ಕೂಗಿ ಕೇಳಿದರು.

“ಏನ್ಲಾ, ಮೀನ್ ಬಿತ್ತಾ?”

“ಇಲ್ಲ ಕಣಣ್ಣ, ಈಗ್ತಾನೆ ಗಾಣ ಹಾಕಿವ್ನಿ.”

ನಾನು ಕನ್ನಡ ಶಾಲೆಯಲ್ಲಿ ಓದಿದವಳು. ಪುಸ್ತಕದಲ್ಲಿ ಮೀನು ಹಿಡಿಯುವ ಕೊಕ್ಕೆಗೆ ಗಾಳ ಎಂದಿತ್ತು. ನಮ್ಮ ಪೇಟೆಯಲ್ಲಿ ಗಾಣ ಎಂದರೆ ಎಣ್ಣೆಯದು ಮಾತ್ರ. ಈ ಸೀಮೆಯ ಹಳ್ಳಿಗಳ ಬಾಯಲ್ಲಿ ಆ ಕೊಕ್ಕೆಯೂ ಗಾಣವೇ ಎಂದು ನನಗೆ ಗೊತ್ತಾದದ್ದು ಆ ಗಳಿಗೆಯಲ್ಲಿ. ಅಪ್ಪನ ಎತ್ತು, ಎಣ್ಣೆ, ಹಿಂಡಿ ಎಲ್ಲಾ ಒಟ್ಟಿಗೆ ಕೆರೆಗೆ ಬಿದ್ದವು. ನನಗೆ ನಗು ತಡೆಯಲಾಗಲಿಲ್ಲ, ಬುರ್ಖಾದ ಒಳಗೆ ಬಾಯಿ ಮುಚ್ಚಿಕೊಂಡೆ.

ಅಷ್ಟರಲ್ಲಿ ಅವನ ದಾರದ ಬೆಂಡು ಮುಳುಗಿತು. ಅವನು ಏರಿಯ ಕಡೆ ತಿರುಗಿ ಮಾತಾಡುತ್ತಿದ್ದ. ಪಕ್ಕದವನು ಕೂಗಿದ ಮೇಲೆ ಸರಕ್ಕನೆ ಎಳೆದ. ಒಂದು ದಪ್ಪ ಕೊರವ ಮೀನು ನೀರಿನಿಂದ ಮೊಳದುದ್ದ ಮೇಲೆ ಬಂದು, ಒದರಿಕೊಂಡು, ಮತ್ತೆ ಒಳಗೆ ಹೋಯಿತು. ಪಕ್ಕದವರೆಲ್ಲ ಛೇ ಎಂದರು. ಅವನು ಮಾತ್ರ ತಲೆ ಹಿಂದಕ್ಕೆ ಚೆಲ್ಲಿ ನಕ್ಕ. “ಹೋಗ್ಲಿ ಬುಡ್ರಣ್ಣ, ಅದ್ಕೂ ಮನೆ ಮಠ ಇರ್ತದೆ” ಎಂದು, ಪೊಟ್ಟಣದಿಂದ ಮುದ್ದೆಯ ಚೂರು ತೆಗೆದು ಮತ್ತೆ ಕೊಕ್ಕೆಗೆ ಚುಚ್ಚಿದ.

ನಮ್ಮ ಮನೆಯ ಗಂಡಸರು ಸೋತಾಗ ನಕ್ಕದ್ದನ್ನು ನಾನು ಕಂಡಿರಲಿಲ್ಲ. ತೂಕದಲ್ಲಿ ತಪ್ಪಾದರೆ ಅಪ್ಪ ಬೈಯುತ್ತಿದ್ದರು, ಬಸ್ಸು ತಪ್ಪಿದರೆ ಅಮ್ಮನಿಗೆ ಬೈಯುತ್ತಿದ್ದರು, ಇಸ್ಪೀಟಿನಲ್ಲಿ ಸೋತರೆ ಎರಡು ದಿನ ಮುಖ ಗಂಟು ಹಾಕಿಕೊಂಡಿರುತ್ತಿದ್ದರು. ತನ್ನನ್ನು ಒಂದು ಮೀನು ಮೂರ್ಖನನ್ನಾಗಿ ಮಾಡಿತೆಂದು ಇಷ್ಟು ಖುಷಿಪಡುವ ಗಂಡಸು ಇರಬಹುದೆಂದು ನನಗೆ ತಿಳಿದೇ ಇರಲಿಲ್ಲ. ಅವನು ನನಗೆ ಇಷ್ಟವಾದ. ಇದನ್ನು ಸುತ್ತಿ ಬಳಸಿ ಹೇಳುವ ವಯಸ್ಸು ನನಗೀಗ ಇಲ್ಲ. ಬಹಳ ಇಷ್ಟವಾದ.

ವಾಪಸು ಬಂದ ಮೇಲೆ ನಾನು ಅಪ್ಪನಿಗೆ ಹೇಳಬಹುದಿತ್ತು. ‘ಅಬ್ಬಾ, ಅದು ಎಣ್ಣೆಯ ಗಾಣವಲ್ಲ, ಹುಡುಗ ಟೈಲರು’ ಎಂದು ಮೆಲ್ಲಗೆ, ಮನೆಯೊಳಗೇ, ನಾಲ್ಕು ಗೋಡೆಯ ನಡುವೆ. ಹೇಳಲಿಲ್ಲ. ಹೇಳಿದರೆ ಬೆಳಿಗ್ಗೆ ಮೊದಲ ಬಸ್ಸಿಗೇ ತುಮಕೂರು. ಹೇಳದಿದ್ದರೆ ಅಪ್ಪನೇ ಹೋಗಿ ಹುಡುಗನನ್ನು ನೋಡುತ್ತಾರೆ, ಆ ನಗು ನೋಡುತ್ತಾರೆ, ನನಗೆ ಹಿಡಿಸಿದ್ದು ಅವರಿಗೂ ಹಿಡಿಸುತ್ತದೆ ಎಂದುಕೊಂಡೆ. ಇಪ್ಪತ್ತೊಂದರಲ್ಲಿ ಬುದ್ಧಿ ಅಷ್ಟೇ ಇರುವುದು.

ಬೆಳಿಗ್ಗೆ ಅಪ್ಪ ಕೋಟು ಹಾಕಿಕೊಂಡು, ಫುಪ್ಪುವಿನ ಗಂಡನನ್ನು ಜೊತೆಗೆ ಕರೆದುಕೊಂಡು ಹೊರಟರು. ಅಲ್ಲಿ ನಡೆದದ್ದನ್ನು ಆ ಮಾವನೇ ಬಂದು ಹೇಳಿದ್ದು. ಮಾವನಿಗಿಂತ ಹತ್ತು ಹೆಜ್ಜೆ ಮುಂದಿದ್ದ ಅಪ್ಪ, ಏರಿಯ ಕೆಳಗೆ ಬಟ್ಟೆ ಒಗೆಯುತ್ತಿದ್ದವರನ್ನು ಗಾಣ ಎಲ್ಲಿ ಎಂದು ಕೇಳಿದ್ದಾರೆ. “ತೂಬಿನ್ ತಾವ ಹೋಗಿ ಸ್ವಾಮಿ, ಇವತ್ತು ಐದಾರ್ ಜನ ಹಾಕವ್ರೆ” ಎಂದು ಉತ್ತರ ಬಂದಿದೆ. ಐದಾರು ಗಾಣ! ಅಪ್ಪನ ಹೆಜ್ಜೆ ಬಿರುಸಾಗಿದೆ. ತೂಬಿನ ಬಳಿ ಎತ್ತೂ ಇಲ್ಲ, ಹಿಂಡಿಯೂ ಇಲ್ಲ, ಬರೀ ಕಡ್ಡಿ ಹಿಡಿದ ಜನ. “ಏನಪ್ಪಾ, ಗಾಣ ಎಲ್ಲಿ?” ಎಂದು ಮಾವ ತೋರಿಸಿದ ಹುಡುಗನನ್ನು ಕೇಳಿದ್ದಾರೆ. ಅವನು ಹಿರಿಯರೆಂದು ಎದ್ದು ನಿಂತು, ಕೊಕ್ಕೆಯನ್ನು ಅಂಗೈ ಮೇಲಿಟ್ಟು ತೋರಿಸಿದ್ದಾನೆ. “ಇದೇ ಸಾಬ್. ಏನ್ ಮೀನ್ ಹಿಡೀಬೇಕಿತ್ತು?” ಅಪ್ಪ “ಎಣ್ಣೆ! ಎಣ್ಣೆ ಎಲ್ಲಿ ತೆಗೀತೀಯಾ?” ಎಂದು ಗದರಿದ್ದಾರೆ. ತೂಬಿನ ಮೇಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕಿದ್ದಾರೆ. ಹುಡುಗನೂ ನಕ್ಕಿದ್ದಾನೆ. ಆ ನಗುವನ್ನೇ ಅಪ್ಪ ನೋಡಲಿ ಎಂದು ನಾನು ಬಯಸಿದ್ದು.

ಅಪ್ಪ ಮನೆಗೆ ಬಂದವರೇ ಕೋಟು ಕಳಚಿ ಗೂಟಕ್ಕೆ ಹಾಕಿದರು. ಫುಪ್ಪು ಹುಡುಗನ ಪರವಾಗಿ ಏನೇನೋ ಹೇಳಿದರು. ಕೈಕೆಲಸ ಚೆನ್ನಾಗಿದೆ, ಅಂಗಡಿ ಸ್ವಂತದ್ದು, ಮೀನು ಹಿಡಿಯುವುದು ಪಾಪವೇನಲ್ಲ. ಅಪ್ಪನಿಗೆ ಟೈಲರು ಎಂಬುದರ ಮೇಲೆ ಸಿಟ್ಟಿರಲಿಲ್ಲ. ಮಂಡಿಪೇಟೆಗೆ ಏನು ಹೇಳುವುದು ಎಂಬುದೇ ಅವರ ಸಂಕಟ.

ಆದರೂ ಅಪ್ಪ ನ್ಯಾಯಸ್ಥರು. ನನ್ನನ್ನು ಕೇಳದೆ ತೀರ್ಮಾನ ಮಾಡಿದರು ಎಂಬ ಮಾತು ಬರಬಾರದು. ಅಡುಗೆ ಮನೆಯ ಪರದೆಯ ಆಚೆ ನಿಂತು ಕೇಳಿದರು.

“ಈ ಸಂಬಂಧ ಬೇಡ ಅಂತ ಹೇಳಿ ಕಳಿಸ್ತೀನಿ ಮಗಳೇ. ನಿಂಗೆ ಒಪ್ಪಿಗೆ ತಾನೆ?”

ನಮ್ಮಲ್ಲಿ ನಿಕಾಹ್‌ಗೆ ಹೆಣ್ಣನ್ನು ಕೇಳುತ್ತಾರೆ. ನಾಚಿ ಸುಮ್ಮನಿದ್ದರೆ ಒಪ್ಪಿದಳೆಂದು ಅರ್ಥ. ಪಕ್ಕದ ಮನೆಯ ಹಿಂದೂಗಳೂ ಮೌನಂ ಸಮ್ಮತಿ ಲಕ್ಷಣಂ ಎನ್ನುತ್ತಿದ್ದರು. ಅಂದರೆ ಬೇಕು ಎನ್ನಲು ಬಾಯಿ ಬಿಡಬೇಕಾಗಿಲ್ಲ. ಆದರೆ ಅಪ್ಪ ಕೇಳಿದ್ದು ಬೇಡ ತಾನೆ ಎಂದು. ಈಗ ಸುಮ್ಮನಿದ್ದರೆ ಬೇಡವೆಂದೇ ಆಯಿತು. ಅವನು ಬೇಕು ಎನ್ನಬೇಕಾದರೆ ನಾನು ಪರದೆಯ ಈಚೆಯಿಂದ, ಅಮ್ಮ, ಫುಪ್ಪು, ಮಾವ ಎಲ್ಲರ ಎದುರು, ಬಾಯಿಬಿಟ್ಟು ‘ಇಲ್ಲ ಅಬ್ಬಾ’ ಎನ್ನಬೇಕು. ಎರಡೇ ಮಾತು. ನಾಲಿಗೆಯ ತುದಿಯಲ್ಲಿತ್ತು. ಫುಪ್ಪು ನನ್ನನ್ನೇ ನೋಡುತ್ತಿದ್ದರು. ನಾನು ಈರುಳ್ಳಿ ಹೆಚ್ಚುತ್ತಲೇ ಇದ್ದೆ.

“ಒಪ್ಪಿದಾಳೆ” ಎಂದರು ಅಪ್ಪ. ಮಧ್ಯಾಹ್ನದ ಬಸ್ಸಿಗೆ ಹೊರಟೆವು.

ವರ್ಷದೊಳಗೆ ನನ್ನ ಮದುವೆ ಗುಬ್ಬಿಯಲ್ಲಿ ಆಯಿತು. ನಿಜವಾದ ಗಾಣದ ಮನೆ, ಎರಡು ಜೋಡಿ ಎತ್ತು, ಹಿತ್ತಲ ತುಂಬಾ ಒಣಗಹಾಕಿದ ಕೊಬ್ಬರಿ. ಗಂಡ ಒಳ್ಳೆಯವರು, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಒಂದು ದಿನ ಕೈ ಎತ್ತಿದವರಲ್ಲ, ಜ್ವರ ಬಂದರೆ ತಲೆದಿಂಬಿನ ಬಳಿ ಕೂತವರು. ಅಪ್ಪ ಬಂದಾಗಲೆಲ್ಲ ಗಾಣದ ಬಾಯಲ್ಲಿ ಬೆರಳಿಟ್ಟು ಎಣ್ಣೆ ಮುಟ್ಟಿ ನೋಡಿ, ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟು ಬರುತ್ತಿರಲಿಲ್ಲ. ಕೇಳಿದ್ದರಲ್ಲ. ಸಿಟ್ಟು ಮಾಡಿಕೊಳ್ಳಲು ಇನ್ನೊಬ್ಬರು ಸಿಗದಿರುವುದು ದೊಡ್ಡ ಕಷ್ಟ. ಗಾಣ ಕಿರುಗುಟ್ಟುವ ಸದ್ದಿಗೆ ಮಕ್ಕಳು ನಿದ್ದೆ ಹೋಗುತ್ತಿದ್ದವು. ನಾನೂ ಅಭ್ಯಾಸ ಮಾಡಿಕೊಂಡೆ.

ಹತ್ತು ವರ್ಷ ಕಳೆದಿರಬೇಕು. ಎಂಬತ್ತರ ದಶಕದಲ್ಲಿ ಫುಪ್ಪುವಿನ ಮಗಳ ಮದುವೆಗೆ ಮತ್ತೆ ಕುಣಿಗಲ್ಲಿಗೆ ಹೋದೆ. ಮದುವೆ ಮನೆಯಲ್ಲಿ ಎಲ್ಲರೂ ಒಂದೊಂದು ಕೆಲಸದಲ್ಲಿದ್ದರು. ಹೊಲಿಯಲು ಕೊಟ್ಟಿದ್ದ ರವಿಕೆಗಳನ್ನು ತರುವ ಕೆಲಸ ನನ್ನ ಪಾಲಿಗೆ ಬಂತು. ಯಾರ ಅಂಗಡಿ ಎಂದು ಗೊತ್ತಿದ್ದೇ ಹೋದೆ, ಸುಳ್ಳು ಹೇಳುವುದಿಲ್ಲ. ಮುಖದ ಪರದೆ ಇಳಿಬಿಟ್ಟಿದ್ದೆ. ಆ ಟೈಲರು ನನ್ನನ್ನು ಎಂದೂ ನೋಡಿದವರಲ್ಲ.

ಕನ್ನಡಕ ಬಂದಿತ್ತು. ಮೀಸೆಯ ಒಂದು ಬದಿ ನರೆತಿತ್ತು. ಕೊನೆಯ ರವಿಕೆಗೆ ಹುಕ್ಕು ಹಾಕುತ್ತಿದ್ದರು. ನನ್ನ ಪಕ್ಕದ ಬೆಂಚಿನಲ್ಲಿ ಹಳ್ಳಿಯ ಹೆಂಗಸೊಬ್ಬರು ತಮ್ಮ ಬಟ್ಟೆಗೆ ಕಾಯುತ್ತಿದ್ದರು. “ಅಲ್ಲ ಕಣಣ್ಣ, ನಿಂಗೆ ಎಣ್ಣೆ ಟೈಲರು ಅಂತಾರಲ್ಲ, ಯಾಕೆ?” ಎಂದು ಕೇಳಿದರು.

ಅವರು ನಗುತ್ತಾ ಹೇಳಿದರು. ತುಮಕೂರಿನಿಂದ ಒಬ್ಬರು ಕೋಟು ಹಾಕಿಕೊಂಡು ಬಂದದ್ದು, ಎಣ್ಣೆ ಎಲ್ಲಿ ಎಂದು ಕೇಳಿದ್ದು, ಅಂದಿನಿಂದ ಊರಿಗೆ ಊರೇ ಹೆಸರಿಟ್ಟದ್ದು. ಅಪ್ಪನ ನಡಿಗೆಯನ್ನೂ ಮಾಡಿ ತೋರಿಸಿದರು. ಆ ಹೆಂಗಸು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನನಗೂ ನಗು ಬಂತು, ಅಪ್ಪನ ನಡಿಗೆ ಹಾಗೇ ಇತ್ತು.

“ನಗೋದೇನೋ ನಕ್ಕೆ ಕಣಕ್ಕ” ಎಂದರು ಅವರು, ಸೂಜಿಯ ಮೇಲಿನ ಕಣ್ಣು ಎತ್ತದೆ. “ಆಯಪ್ಪ ಬ್ಯಾಡ ಅಂದಿದ್ರೆ ಬೇಜಾರಾಯ್ತಿರ್ಲಿಲ್ಲ. ಆ ಹುಡ್ಗೀನೇ ಕೇಳುದ್ರಂತೆ. ಗಾಣ ಇಲ್ದೋನು ನಂಗ್ ಬ್ಯಾಡ ಅಂದ್ಳಂತೆ. ಅದೊಂದ್ ಮಾತ್ರ ಇವತ್ಗೂ ಚುಚ್ತದೆ.”

ಯಾರು ಹಾಗೆ ಹೇಳಿ ಕಳಿಸಿದರೋ. ಅಪ್ಪನ ಮರ್ಯಾದೆ ಉಳಿಸಲು ಮಾವನೇ ಹೇಳಿರಬಹುದು. ಸುಮ್ಮನಿದ್ದವಳ ಬಾಯಿಗೆ ಯಾರು ಯಾವ ಮಾತನ್ನಾದರೂ ತುರುಕಬಹುದು.

“ಅವಳು ಹಾಗೆ ಹೇಳಲಿಲ್ಲ” ಎಂದೆ.

ಅವರು ನನ್ನ ಕಡೆ ತಿರುಗಿದರು. ಕನ್ನಡ ಬಿಟ್ಟು ನಮ್ಮ ಮಾತಿನಲ್ಲಿ, “ನಿಮಗೆ ಹೇಗೆ ಗೊತ್ತು ಆಪಾ?” ಎಂದು ಕೇಳಿದರು.

“ಅವತ್ತು ನಾನೂ ಅಲ್ಲೇ ಇದ್ದೆ. ಅವಳು ಏನೂ ಹೇಳಲಿಲ್ಲ. ಹೇಳಬೇಕು ಅಂತ ಬಹಳ ಇತ್ತು ಅವಳಿಗೆ.”

ಪಕ್ಕದ ಹೆಂಗಸಿಗೆ ನಮ್ಮ ಮಾತು ತಿಳಿಯಲಿಲ್ಲ. ಟೈಲರು ಸೂಜಿಯನ್ನು ರವಿಕೆಯಲ್ಲೇ ಚುಚ್ಚಿ ಬಿಟ್ಟು, ನನ್ನ ಪರದೆಯನ್ನೇ ನೋಡಿದರು. ಆಮೇಲೆ ಕಣ್ಣು ಕೆಳಗೆ ಮಾಡಿ, ರವಿಕೆಗಳನ್ನು ಒಂದೊಂದಾಗಿ ಮಡಿಸಿ, ಕಾಗದದಲ್ಲಿ ಸುತ್ತಿ, ದಾರ ಕಟ್ಟಿ ಮುಂದಿಟ್ಟರು.

“ಹೇಳಿದ್ದಿದ್ದರೆ ನಾನು ತುಮಕೂರಿಗೆ ನಡೆದುಕೊಂಡು ಬರುತ್ತಿದ್ದೆ” ಎಂದರು.