ತವರಿನಲ್ಲಿ ಉದುರದ ಕೂದಲು

ಕಳೆದ ವಾರ ಒಂದು ಬೆಳಿಗ್ಗೆ ನಾನಿನ್ನೂ ಚಹಾದ ಬಟ್ಟಲಿಗೆ ಕೈ ಹಾಕಿರಲಿಲ್ಲ. ನನ್ನ ಹೆಂಡತಿ ಅದರ ಪಕ್ಕಕ್ಕೇ ಲಿಂಬೆಕಾಯಿ ಗಾತ್ರದ ಕೂದಲುಂಡೆಯೊಂದನ್ನು ಇಟ್ಟಳು.

“ನೋಡ್ರಿ ನಿಮ್ಮ ಹಳಿಯಾಳದ ನೀರಿನ ಪ್ರತಾಪ!”

(ಮಾಸ್ತರಿಕೆಗೆ ಬಂದು ವರ್ಷವಾಗಿಲ್ಲ, ಹಳಿಯಾಳ ಆಗಲೇ ನನ್ನದಾಗಿತ್ತು.) ಧಾರವಾಡದ ತವರಿನಲ್ಲಿ ಅವಳಿಗೆ ಒಂದೆಳೆಯೂ ಉದುರಿರಲಿಲ್ಲವಂತೆ. ನಾನು ವರ್ಗ ಮಾಡಿಸಿಕೊಳ್ಳಬೇಕು, ಇಲ್ಲವೇ ಅವಳು ತವರಿಗೆ ಹೋಗಿ ಇರುತ್ತಾಳೆ. ನನಗೋ ಈ ಊರೂ ಬೇಕು, ಅವಳೂ ಬೇಕು.

ನಾನು ಬಿ.ಎಸ್ಸಿ. ಸುಮ್ಮನಿರಲಾದೀತೇ?

“ಪ್ರತಿ ಕೂದಲಿಗೂ ಆಯುಷ್ಯ ಇರತೈತಿ. ಕೆಲವು ವರ್ಷ ಬೆಳೀತೈತಿ, ಎರಡ್ಮೂರು ತಿಂಗಳು ಸುಮ್ನ ಕೂಡತೈತಿ, ಆಮ್ಯಾಲ ಬೀಳತೈತಿ. ಅದೇ ಬೇರಿನಾಗ ಹೊಸಾದು ಹುಟ್ಟತೈತಿ. ಸಾಗವಾನಿ ಎಲಿ ಹಂಗ ಎಲ್ಲಾ ಒಮ್ಮೆಲೇ ಉದುರೂದಿಲ್ಲ. ದಿನಾ ಒಂದಿಷ್ಟು.”

“ಕೆಲವು ಅಂದ್ರ ಎಷ್ಟ್ ವರ್ಷ?”

ಪ್ರೊಫೆಸರರು ಮೂರು ಎಂದಿದ್ದರೋ, ಐದೋ? ನೆನಪು ಕೈಕೊಟ್ಟಿತು.

“ನಿಮಗೂ ಗೊತ್ತಿಲ್ಲ,” ಎಂದವಳೇ ಮಂಚದಡಿಯ ಟ್ರಂಕು ಎಳೆದಳು. ತವರಿಗೆ ಪತ್ರ ಹೋಯಿತು.

ಮಗಳನ್ನು ಕರೆದೊಯ್ಯಲು ಅತ್ತೆ ಬಂದೇಬಿಟ್ಟರು, ಯುದ್ಧದಿಂದಾಗಿ ಪೆಟ್ರೋಲು ಸಿಗದೆ ಇದ್ದಿಲು ಉರಿಸಿ ಓಡುವ ಮೋಟಾರು ಬಸ್ಸಿನಲ್ಲಿ, ಮೈಯೆಲ್ಲ ಮಸಿಯಾಗಿ. ಮರುದಿನ ಬೆಳಿಗ್ಗೆ ಮಗಳನ್ನು ಮುಂದೆ ಕೂರಿಸಿಕೊಂಡು ತಲೆ ಬಾಚತೊಡಗಿದರು.

“ನೋಡ್ರಿ, ಅವ್ವ ಹಿಕ್ಕಿದ್ರ ಒಂದೂ ಬೀಳೂದಿಲ್ಲ!”

ನಾನು ಹಿಂದೆ ನಿಂತಿದ್ದೆ. ಅತ್ತೆಯ ಬೆರಳುಗಳು ಹಣಿಗೆಯಿಂದ ಕೂದಲು ಬಿಡಿಸುತ್ತಿದ್ದವು, ಸುತ್ತುತ್ತಿದ್ದವು, ಮೆಲ್ಲಗೆ ಸೊಂಟಕ್ಕೆ ಸಿಕ್ಕಿಸುತ್ತಿದ್ದವು.

“ಅತ್ತಿಯವರ, ಅದೇನ್ರಿ ಸೊಂಟದಾಗ?”

ಅತ್ತೆ ನಕ್ಕುಬಿಟ್ಟರು. “ಸಣ್ಣಾಕಿದ್ದಾಗ ಕೂದಲ ಕಂಡ್ರ ಅಳತಿದ್ಲರೀ. ಅದಕ್ಕ ಮುಚ್ಚತಿದ್ದೆ. ಕೈಗೆ ರೂಢಿ ಆಗಿಬಿಟ್ಟೈತಿ. ಕೂಡಿಟ್ಟು ಸೂಜಿ ಮಾರಾಕಿಗೆ ಕೊಟ್ಟು ಬದಲಿಗೆ ಸೂಜಿ ತಗೋತಿದ್ದೆ. ನಿಮ್ಮನ್ಯಾಗಿನ ಸೂಜಿ ಎಲ್ಲಾ ಇಕಿ ತಲಿಯಿಂದನ ಬಂದಾವು!”

“ಅವ್ವಾ! ಇಷ್ಟ್ ವರ್ಷ ನನಗ ಸುಳ್ಳ ಹೇಳಿದಿ?”

“ಸುಳ್ಳೆಲ್ಲಿ ಹೇಳಿದ್ನೆ? ನೀ ಕೇಳಲಿಲ್ಲ, ನಾ ಹೇಳಲಿಲ್ಲ. ಮಾರಿ ತಿರುವಬ್ಯಾಡ, ಬೈತಲಿ ಸೊಟ್ಟ ಆಗತೈತಿ.”

ನನ್ನ ಹೆಂಡತಿ ಮೊದಲು ಸಿಟ್ಟಾದಳು, ಆಮೇಲೆ ಬಿದ್ದು ಬಿದ್ದು ನಕ್ಕಳು. ಟ್ರಂಕು ಮಂಚದಡಿಗೆ ಹೋಯಿತು. ನಿನ್ನೆ ಅತ್ತೆ ಒಬ್ಬರೇ ಮೋಟಾರು ಹತ್ತಿದರು.

ಗೆದ್ದೆನೆಂದು ನಾನು ಬೀಗಿದೆ. ಒಂದು ಗಂಟೆ ಮಾತ್ರ. ಏಕೆಂದರೆ, ಕಾಲೇಜಿನಲ್ಲಿದ್ದಾಗ ನನ್ನ ತಲೆಯಿಂದ ಒಂದು ಕೂದಲೂ ಉದುರುತ್ತಿರಲಿಲ್ಲ ಎಂದು ನಾನೂ ಶಾಲೆಯ ಹುಡುಗರಿಗೆ ಹೇಳಿಕೊಂಡು ಬಂದವನೇ. ನಿಜವೇ? ನನಗೆ ಚೆನ್ನಾಗಿ ನೆನಪಿದೆ. ಆದರೆ ಹಾಸ್ಟೆಲಿನ ಕೋಣೆಯನ್ನು ನಾನು ಒಂದು ದಿನವಾದರೂ ಗುಡಿಸಿದ್ದು ಮಾತ್ರ ನೆನಪಿಲ್ಲ.

ಹಿಂದಿನ ಕಾಲವೇ ಚೆನ್ನಾಗಿತ್ತು ಎನ್ನುವವರು ಸಿಕ್ಕರೆ ಒಮ್ಮೆ ಕೇಳಿ ನೋಡಿ: ಆಗ ನಿಮ್ಮ ಮನೆಯ ಕಸ ಗುಡಿಸುತ್ತಿದ್ದವರು ಯಾರು?