ದುಗ್ಗಮ್ಮ ಟೀಚರ ನೇರಳೆ ಹಾಳೆಗಳು

ಬೆಳಕು ಹರಿಯುವ ಮೊದಲೇ ಕೆದಂಬಾಡಿಯ ಬಾಡಿಗೆ ಮನೆಯ ಜಗಲಿಯಲ್ಲಿ ದುಗ್ಗಮ್ಮ ಟೀಚರು ಕೂತಾಗಿದೆ. ಮುಂದೆ ತಗಡಿನ ತಟ್ಟೆ, ಅದರ ತುಂಬ ರಾಗಿಮಣ್ಣಿಯಂತೆ ಹೆಪ್ಪುಗಟ್ಟಿದ ಅಂಟು. ನೇರಳೆ ಶಾಯಿಯಲ್ಲಿ ಬರೆದ ಲೆಕ್ಕದ ಹಾಳೆಯನ್ನು ಅದರ ಮೇಲೆ ಒತ್ತಿ ತೆಗೆದು, ಅಂಟಿಗೆ ಇಳಿದ ಶಾಯಿಯ ಮೇಲೆ ಬಿಳಿ ಹಾಳೆಗಳನ್ನು ಒಂದೊಂದಾಗಿ ಇಟ್ಟು ಸವರುತ್ತಾರೆ. ಮೊದಲ ಪ್ರತಿ ಢಾಳಾಗಿ ಏಳುತ್ತದೆ. ಮೂವತ್ತನೆಯ ಪ್ರತಿಯ ಹೊತ್ತಿಗೆ ಅಕ್ಷರ ಮಸುಕು. ನಾಲ್ಕನೇ ತರಗತಿಯಲ್ಲಿ ಮಕ್ಕಳು ನಲವತ್ತೊಂದು, ಪುಸ್ತಕ ಇರುವುದು ಒಂಬತ್ತು ಮಂದಿಯಲ್ಲಿ.

"ಮಸುಕಾದ್ದನ್ನು ಮತ್ತೆ ಕೈಯಲ್ಲೇ ತಿದ್ದುದು. ಈಗೀಗ ಬೆರಳು ಬಗ್ಗುದಿಲ್ಲ," ಎನ್ನುತ್ತಾರೆ.

ಸುಳ್ಯದ ಕಡೆಯ, ಐವತ್ತರ ಹತ್ತಿರದ ಇವರಿಗೆ ಇದು ಹದಿಮೂರು ವರ್ಷದ ದಿನಚರಿ. ಲೆಕ್ಕಗಳೆಲ್ಲ ಅವರೇ ಕಟ್ಟಿದ್ದು: ಬಸ್ಸಿನ ಸೀಟು, ಬಾವಿಯ ಹಗ್ಗ, ಸಂತೆಯ ಮೀನು. ಮೂರು ವರ್ಷದ ಹಿಂದೆ ಪುತ್ತೂರಿನ ಪುಸ್ತಕ ವ್ಯಾಪಾರಿಯೊಬ್ಬರು "ನೋಡಿ ಕೊಡ್ತೇನೆ" ಎಂದು ಅವರ ನೋಟುಬುಕ್ಕು ಒಯ್ದರು. ನೋಟುಬುಕ್ಕು ವಾಪಸು ಬಂತು. ಮರುವರ್ಷ ಅವೇ ಲೆಕ್ಕಗಳ ಪುಸ್ತಕವೂ ಅಂಗಡಿಗೆ ಬಂತು, ಬೇರೆಯವರ ಹೆಸರಿನಲ್ಲಿ.

ಕಳೆದ ವರ್ಷ, ಸಾವಿರದ ಒಂಬೈನೂರ ಅರವತ್ತೆರಡರ ಜುಲೈಯಲ್ಲಿ, ಶಾಲೆಯ ತನಿಖೆಗೆ ಬಂದ ಇನ್ಸ್‌ಪೆಕ್ಟರು ನೇರಳೆ ಹಾಳೆಯನ್ನು ಎತ್ತಿ ಹಿಡಿದರು. "ಎಂತ ಟೀಚರೇ, ಅಚ್ಚಾದ ಪುಸ್ತಕದಿಂದ ನಕಲು ಮಾಡುದಾ? ಕಾಪಿರೈಟಿನ ಹೊಸ ಕಾನೂನು ಬಂದದ್ದು ಗೊತ್ತುಂಟಾ? ಇವತ್ತಿಗೇ ನಿಲ್ಲಿಸಿ."

ಲೆಕ್ಕ ತನ್ನದೇ ಆದರೂ ದುಗ್ಗಮ್ಮನವರು ಅಂದೇ ತಟ್ಟೆಯನ್ನು ಅಟ್ಟಕ್ಕೆ ಹಾಕಿದರು. ಎರಡು ವಾರ ಮೂವತ್ತೆರಡು ಮಕ್ಕಳು ಕೈಕಟ್ಟಿ ಕೂತರು. ನೋಡಲಾಗದೆ ಒಂದು ಶನಿವಾರ ಬಸ್ಸು ಹತ್ತಿ ಪುತ್ತೂರಿನ ವಕೀಲ ಮಹಾಗಣಪತಿಯವರಲ್ಲಿಗೆ ಹೋದರು.

ವಕೀಲರು ಐವತ್ತೇಳರ ಕಾನೂನಿನ ಪುಸ್ತಕ ತೆಗೆದು ಓದಿದರು. "ಪಾಠಕ್ಕೆ ಬೇಕು ಅಂತ ಟೀಚರು ನಕಲು ಮಾಡಿ ಕೊಟ್ಟರೆ ತಪ್ಪಿಲ್ಲ, ಇದರಲ್ಲೇ ಉಂಟು. ಇನ್ಸ್‌ಪೆಕ್ಟರಿಗೆ ನಾನು ಬರೀತೇನೆ. ಆದರೆ ಲೆಕ್ಕಗಳೇ ನಿಮ್ಮದಲ್ವಾ? ಆ ವ್ಯಾಪಾರಿಯ ಮೇಲೆ ಕೇಸು ಹಾಕುವ."

ಕಾಗದ ಹೋಯಿತು, ಇನ್ಸ್‌ಪೆಕ್ಟರು ಮತ್ತೆ ತಕರಾರು ಮಾಡಲಿಲ್ಲ. ಕೇಸು ಮಾತ್ರ ಬೇಡವೆಂದರು ಟೀಚರು. "ಕೋರ್ಟಿಗೆ ಅಲೆದರೆ ಕ್ಲಾಸು ಯಾರು ತಗೊಳ್ಳುದು ಮಾರಾಯ್ರೆ? ನನಗೂ ಸಾಕಾಗಿದೆ."

ಆದರೂ ಒಂದು ಆಸೆ ಉಳಿದಿದೆ. ಅವರ ಲೆಕ್ಕಗಳನ್ನು ಇಳಿಸಿಕೊಂಡವರು ಆ ಪುಸ್ತಕದಲ್ಲಿ ಹನ್ನೆರಡನೆಯದನ್ನು ತಪ್ಪಾಗಿ ಅಚ್ಚು ಹಾಕಿಸಿದ್ದಾರೆ. ಏಳು ಮಕ್ಕಳಿಗೆ ಅರವತ್ತಮೂರು ಹಲಸಿನ ತೊಳೆ ಹಂಚಬೇಕಾದಲ್ಲಿ ಅರವತ್ತೆಂಟು ಎಂದಾಗಿದೆ.

"ನನ್ನ ಹೆಸರು ಹಾಕುದು ಬೇಡ," ಎನ್ನುತ್ತಾ ಟೀಚರು ಹಾಳೆಗಳನ್ನು ಜೋಡಿಸುತ್ತಾರೆ. "ಮುಂದಿನ ಸಲ ಅದೊಂದು ಸರಿ ಮಾಡಲಿ. ನಾನು ಬರೆದದ್ದರಲ್ಲಿ ಎಲ್ಲ ಮಕ್ಕಳಿಗೂ ಸಮಪಾಲು ಬರ್ತಿತ್ತು."